ನೇರ ನಗದು ನೆರವು: ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಬಡ ಕುಟುಂಬಗಳಲ್ಲಿ

ಸರ್ಕಾರ ಬಡ ಕುಟುಂಬಕ್ಕೆ ಕೊಡುವ ಸಹಾಯವನ್ನು ವಸ್ತುವಾಗಿ ಹಂಚದೆ, ಹಣವಾಗಿ ಫಲಾನುಭವಿಯ ಖಾತೆಗೇ ಜಮಾ ಮಾಡುವ ವ್ಯವಸ್ಥೆಗೆ ನೇರ ನಗದು ನೆರವು ಎಂದು ಹೆಸರು. ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ಮಾಸಾಶನ, ಕಿಸಾನ್ ಸಮ್ಮಾನ್ ಕಂತು, ಬರ ಪರಿಹಾರ, 2023ರಿಂದ ಈಚೆಗೆ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಇವೆಲ್ಲ ಇದರೊಳಗೆ ಸೇರುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಈ ನೆರವಿನ ಪರಿಣಾಮವನ್ನು ಹತ್ತಿರದಿಂದ ಅರಿಯಲು ತಕ್ಕ ನೆಲ. ಹೊರಗಿನವರು ಕಾಫಿಯ ಜಿಲ್ಲೆ ಎಂದಷ್ಟೇ ತಿಳಿದಿರುವ ಚಿಕ್ಕಮಗಳೂರಿಗೆ ಬಯಲುಸೀಮೆಯ ಈ ಮಗ್ಗುಲೂ ಇದೆ. ಇಲ್ಲಿನ ಬಡ ಮನೆಯಲ್ಲಿ ವರಮಾನ ಸುಗ್ಗಿಗೆ ಒಟ್ಟಿಗೆ ಬಂದು, ಉಳಿದ ತಿಂಗಳುಗಳಲ್ಲಿ ಬತ್ತಿಹೋಗುತ್ತದೆ. ತಿಂಗಳಿಗೊಮ್ಮೆ ಬರುವ ಸಣ್ಣ ಮೊತ್ತ ಇಂಥ ಮನೆಯಲ್ಲಿ ತನ್ನ ಗಾತ್ರಕ್ಕೆ ಮೀರಿದ ಕೆಲಸ ಮಾಡುತ್ತದೆ. ಆದರೆ ಅದು ಬರುವ ದಿನ ಗೊತ್ತಿರಬೇಕು. ದಿನ ತಪ್ಪಿ ಬಂದ ಹಣ ಎಷ್ಟೇ ಇದ್ದರೂ ಅದರ ಅರ್ಧ ಗುಣ ಹೋಗಿರುತ್ತದೆ.

ನೆಲ ಮತ್ತು ವರಮಾನ

1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಇಂದಿನ ಕಡೂರು ತಾಲ್ಲೂಕು ಜಿಲ್ಲೆಯಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಭಾಗ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು. ಅದೇ ಜಿಲ್ಲೆಯ ಶೃಂಗೇರಿ ಕಡೆ ಇದರ ಹಲವು ಪಟ್ಟು ಸುರಿಯುತ್ತದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎಮ್ಮೆದೊಡ್ಡಿ ಕಡೆಯ ಮದಗದ ಕೆರೆ ತುಂಬಿದ ವರ್ಷ ಊರುಗಳ ಮುಖವೇ ಬೇರೆ. ತುಂಬದ ವರ್ಷ ಪಂಚನಹಳ್ಳಿ, ಯಗಟಿ, ಸಿಂಗಟಗೆರೆ ಕಡೆಯ ರಾಗಿ ಹೊಲಗಳು ಬೆಳೆದಷ್ಟೇ ಬೆಳೆ. ತರೀಕೆರೆಯ ಪಶ್ಚಿಮ ಅಂಚು ಲಕ್ಕವಳ್ಳಿ, ಲಿಂಗದಹಳ್ಳಿಗಳ ಮಲೆನಾಡಿಗೆ ತಾಗಿದೆ. ಅಲ್ಲಿ ಅಡಿಕೆ, ತೆಂಗು, ಭದ್ರಾ ಅಣೆಕಟ್ಟಿನ ನೆರಳು. ಪೂರ್ವಕ್ಕೆ ಬಂದಂತೆ ನೆಲ ಒಣಗುತ್ತದೆ. ತರೀಕೆರೆಯಿಂದ ಬೇರ್ಪಟ್ಟು 2018ರ ಸುಮಾರಿಗೆ ತಾಲ್ಲೂಕಾದ ಅಜ್ಜಂಪುರ ಈರುಳ್ಳಿಯ ಸೀಮೆ, ಅಮೃತಮಹಲ್ ದನಗಳ ತಳಿಕೇಂದ್ರದ ಊರು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಈ ಊರಿನ ಬಳಿಯ ಸುರಂಗದಿಂದಲೇ ವೇದಾವತಿ ಕಣಿವೆಗೆ, ಅಲ್ಲಿಂದ ಚಿತ್ರದುರ್ಗದ ಕಡೆಗೆ ಸಾಗುತ್ತದೆ.

ಭೂಮಿ ಇಲ್ಲದ, ಅಥವಾ ಒಂದೆರಡು ಎಕರೆ ಖುಷ್ಕಿಯಷ್ಟೇ ಇರುವ ಮನೆಯ ವರ್ಷ ಹೀಗೆ ಸಾಗುತ್ತದೆ: ಮುಂಗಾರಿನಲ್ಲಿ ಬಿತ್ತನೆ, ಕಳೆ ತೆಗೆಯುವ ಕೂಲಿ, ನಂತರ ಈರುಳ್ಳಿ ಕೀಳುವ ಕೂಲಿ, ಅಡಿಕೆ ಕೊಯ್ಲಿಗೆ ಬಂದಾಗ ಚೇಣಿದಾರರ ಅಂಗಳದಲ್ಲಿ ಹೆಂಗಸರು ಕೂತು ಅಡಿಕೆ ಸುಲಿಯುವ ಕೆಲಸ, ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಹಣ್ಣು ಬಿಡಿಸಲು ಬೆಳಗಾಗುವ ಮುಂಚೆಯೇ ವಾಹನ ಹತ್ತಿ ಮಲೆನಾಡಿನ ತೋಟಗಳಿಗೆ ಪಯಣ. ಲಂಬಾಣಿ ತಾಂಡಾಗಳಿಂದ ಇಡೀ ಕುಟುಂಬಗಳೇ ತೋಟದ ಲೈನ್‌ಮನೆಗಳಿಗೆ ಹೋಗಿ ನಿಲ್ಲುವುದೂ ಉಂಟು. ಮಾರ್ಚಿನಿಂದ ಜೂನ್‌ವರೆಗೆ ಕೈಯಲ್ಲಿ ಕೆಲಸ ಕಡಿಮೆ, ಖರ್ಚು ಜಾಸ್ತಿ: ಮದುವೆ ಮುಂಜಿ, ಊರ ಜಾತ್ರೆ, ಶಾಲೆ ಕಾಲೇಜಿನ ಫೀಸು, ಬಿತ್ತನೆ ಬೀಜ ಗೊಬ್ಬರ. ಸಾಲ ಹುಟ್ಟುವ ಕಾಲ ಇದೇ. ನಗದು ನೆರವಿನ ಗುಣದೋಷಗಳನ್ನು ತೂಗುವಾಗ ಈ ಕಾಲಮಾನವನ್ನು ಮುಂದಿಟ್ಟುಕೊಳ್ಳದಿದ್ದರೆ ಲೆಕ್ಕ ತಪ್ಪುತ್ತದೆ.

ಹಿನ್ನೆಲೆ

ಬಡವರ ಕೈಗೆ ಹಣ ಕೊಡುವುದನ್ನು ಆಡಳಿತಗಳು ಬಹಳ ಕಾಲ ಒಪ್ಪಲಿಲ್ಲ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯ ಐದರಲ್ಲಿ ಒಂದು ಪಾಲು ಜನ ಸತ್ತರು ಎಂಬ ಅಂದಾಜಿದೆ. ಆಗ ಸಿಕ್ಕ ನೆರವು ಗಂಜಿಕೇಂದ್ರದ ಅಂಬಲಿ, ಇಲ್ಲವೇ ರಸ್ತೆ, ಕೆರೆ ಕೆಲಸದ ಕೂಲಿ. ಕೆಲಸ ಮಾಡಲಾಗದ ಮುದುಕರಿಗೆ, ರೋಗಿಗಳಿಗೆ, ಮಕ್ಕಳಿಗೆ ಅಂಬಲಿಯೇ ಗತಿಯಾಗಿತ್ತು. ಹಣ ಕೊಟ್ಟರೆ ದುಡಿಯುವುದನ್ನು ಬಿಡುತ್ತಾರೆ ಎಂಬ ಅಂದಿನ ಅನುಮಾನ ಇಂದಿಗೂ ಪೂರ್ತಿ ಸತ್ತಿಲ್ಲ.

ಸ್ವಾತಂತ್ರ್ಯದ ನಂತರ ರಾಜ್ಯಗಳು ವೃದ್ಧರಿಗೂ ವಿಧವೆಯರಿಗೂ ಸಣ್ಣ ಮಾಸಾಶನ ಕೊಡತೊಡಗಿದವು. 1995ರ ಆಗಸ್ಟ್ 15ರಂದು ಕೇಂದ್ರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ 2007ರದು. 65 ದಾಟಿದ ಸಣ್ಣ ರೈತರು, ಕೂಲಿಕಾರರು, ನೇಕಾರರು, ಅಸಂಘಟಿತ ಕಾರ್ಮಿಕರು ಇದರ ವ್ಯಾಪ್ತಿಗೆ ಬಂದರು. ಈ ಹಣ ಬಹುಕಾಲ ಅಂಚೆಯವರ ಕೈಯಲ್ಲಿ ಮನಿಯಾರ್ಡರ್ ಆಗಿ ಬರುತ್ತಿತ್ತು. ಅಜ್ಜಿಯರು ಅಂಚೆಯಣ್ಣನ ದಾರಿ ನೋಡುತ್ತ ಜಗುಲಿಯಲ್ಲಿ ಕೂರುವುದು ಈ ಊರುಗಳಲ್ಲಿ ಎಲ್ಲರೂ ಕಂಡ ನೋಟವೇ. 2010ರಿಂದ ಆಧಾರ್, 2013ರ ಜನವರಿಯಿಂದ ನೇರ ವರ್ಗಾವಣೆ, 2014ರ ಆಗಸ್ಟ್ 28ರಿಂದ ಜನಧನ ಖಾತೆ ಬಂದ ಮೇಲೆ ಹಣದ ದಾರಿ ಬ್ಯಾಂಕಿನತ್ತ ಹೊರಳಿತು. 2020ರ ಕೊರೊನಾ ಲಾಕ್‌ಡೌನಿನಲ್ಲಿ ಮಹಿಳೆಯರ ಜನಧನ ಖಾತೆಗಳಿಗೆ ಏಪ್ರಿಲಿನಿಂದ ಮೂರು ತಿಂಗಳು ತಲಾ 500 ರೂಪಾಯಿ ಬಂದಾಗ, ಖಾತೆಯಿದ್ದೂ ಬಳಸದಿದ್ದ ಎಷ್ಟೋ ಹೆಂಗಸರು ಬ್ಯಾಂಕಿನ ಮುಂದೆ ಸರದಿ ನಿಂತರು.

ಹಣ ಬರುವ ದಾರಿಗಳು

ಸಂಧ್ಯಾ ಸುರಕ್ಷಾ ಮಾಸಾಶನ 2021ರಲ್ಲಿ 1,000ದಿಂದ 1,200 ರೂಪಾಯಿಗೆ, ವಿಧವಾ ವೇತನ 600ರಿಂದ 800ಕ್ಕೆ ಏರಿತು. ಅಂಗವೈಕಲ್ಯದ ಮಾಸಾಶನ ಊನದ ಪ್ರಮಾಣಕ್ಕೆ ತಕ್ಕಂತೆ ಬೇರೆ ಬೇರೆ. ಮದುವೆಯಾಗದ ಮತ್ತು ವಿಚ್ಛೇದಿತ ಮಹಿಳೆಯರಿಗೆ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ ಎಂಬ ಯೋಜನೆಗಳಿವೆ. ಇವುಗಳಲ್ಲಿ ರಾಜ್ಯದ ಪಾಲೇ ದೊಡ್ಡದು. 60ರಿಂದ 79 ವಯಸ್ಸಿನ ವೃದ್ಧರಿಗೆ ಕೇಂದ್ರ ಕೊಡುವ ಪಾಲು 2007ರಿಂದ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿದೆ. ಬೆಲೆ ಏರಿಕೆಯಲ್ಲಿ ಆ 200ರ ಕಸುವು ಕರಗಿಹೋಗಿದೆ. ಇದನ್ನು ಸರಿಪಡಿಸದೆ ಇಷ್ಟು ವರ್ಷ ಬಿಟ್ಟದ್ದು ವೃದ್ಧರಿಗೆ ಮಾಡಿದ ಅನ್ಯಾಯ.

ರೈತ ಕುಟುಂಬಕ್ಕೆ ಕಿಸಾನ್ ಸಮ್ಮಾನ್ ನಿಧಿಯಿಂದ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. 2019ರ ಫೆಬ್ರುವರಿ 24ರಂದು ಶುರುವಾದ ಈ ಯೋಜನೆಗೆ ರಾಜ್ಯ ಸರ್ಕಾರ ಕೆಲವು ವರ್ಷ 4,000 ಸೇರಿಸಿ ಕೊಡುತ್ತಿತ್ತು. ಅದು 2023ರಲ್ಲಿ ನಿಂತಿತು.

2023ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಸರ್ಕಾರದ ಐದು ಗ್ಯಾರಂಟಿಗಳು ಈ ಚಿತ್ರವನ್ನು ಬದಲಿಸಿದವು. ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ದಾಖಲಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ. ಆಕೆ ಅಥವಾ ಪತಿ ಆದಾಯ ತೆರಿಗೆ, ಜಿಎಸ್‌ಟಿ ವ್ಯಾಪ್ತಿಯಲ್ಲಿದ್ದರೆ ಇಲ್ಲ. 2024–25ರ ಬಜೆಟ್ಟಿನಲ್ಲಿ ಇದೊಂದಕ್ಕೇ 28,608 ಕೋಟಿ ರೂಪಾಯಿ ತೆಗೆದಿಡಲಾಯಿತು. ಅನ್ನಭಾಗ್ಯದಡಿ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದಿದ್ದಾಗ, ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು 2023ರ ಜುಲೈನಿಂದ ಖಾತೆಗೆ ಹಾಕಲಾಯಿತು. 2025ರ ಆರಂಭದಲ್ಲಿ ಆ ಹಣ ನಿಂತು ಅಕ್ಕಿಯೇ ಬಂತು. ಯುವನಿಧಿ ನಿರುದ್ಯೋಗಿ ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500. ಇದು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾಯಿತು. ಶಕ್ತಿ ಯೋಜನೆಯ ಉಚಿತ ಬಸ್ಸು, ಗೃಹಜ್ಯೋತಿಯ 200 ಯೂನಿಟ್‌ವರೆಗಿನ ವಿದ್ಯುತ್ತು ನಗದಲ್ಲ. ಆದರೂ ಮನೆಯ ಲೆಕ್ಕದಲ್ಲಿ ಉಳಿದ ಹಣವೂ ಬಂದ ಹಣವೇ.

ಬರ ಪರಿಹಾರ ಬೇರೆಯೇ ಜಾತಿ. ತಿಂಗಳಿಗೊಮ್ಮೆ ಬರುವುದಲ್ಲ, ಬೆಳೆ ಹೋದಾಗ ಒಮ್ಮೆ ಬರುವುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿಯನ್ನು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಕೊಟ್ಟಿತು. ಕೇಂದ್ರದ ಪಾಲಿಗಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 3,454 ಕೋಟಿ ರೂಪಾಯಿ ಬಿಡುಗಡೆಯಾದಾಗ ಏಪ್ರಿಲ್ ಕೊನೆ. ಮುಂಗಾರಿನಲ್ಲಿ ಒಣಗಿದ ಬೆಳೆಗೆ ಮುಂದಿನ ಮುಂಗಾರಿನ ಹೊಸ್ತಿಲಲ್ಲಿ ಪರಿಹಾರ! ನಡುವಿನ ಬೇಸಿಗೆಯಲ್ಲಿ ಅಡಿಕೆ, ತೆಂಗು ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹಾಯಿಸಿದವರೂ, ಬೋರು ಕೊರೆಸಿ ನೀರು ಕಾಣದವರೂ ಆ ಹಣ ಬರುವ ಮುಂಚೆಯೇ ಸಾಲಗಾರರಾಗಿದ್ದರು.

ಒಂದು ಮನೆಯ ಲೆಕ್ಕ

ಒಟ್ಟು ಮೊತ್ತ ಎಷ್ಟಾಗುತ್ತದೆ ಎಂಬುದನ್ನು ಉದಾಹರಣೆಯೊಂದರಿಂದ ತಿಳಿಯಬಹುದು. ಒಂದೂವರೆ ಎಕರೆ ಖುಷ್ಕಿ, ಗಂಡ, ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ತಂದೆ ಇರುವ ಮನೆ ಎನ್ನೋಣ. ತಂದೆಯ ಸಂಧ್ಯಾ ಸುರಕ್ಷಾ ವರ್ಷಕ್ಕೆ 14,400, ಗೃಹಲಕ್ಷ್ಮಿ 24,000, ಕಿಸಾನ್ ಕಂತು 6,000. ಒಟ್ಟು 44,400 ರೂಪಾಯಿ. ಬಿಪಿಎಲ್ ಚೀಟಿಗೆ ವರಮಾನದ ಮಿತಿಯೇ ವರ್ಷಕ್ಕೆ 1.2 ಲಕ್ಷ ಎಂಬುದನ್ನು ನೆನೆದರೆ, ಇದು ಆ ಮಿತಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು. ಅಕ್ಕಿಯ ಹಣ ಬರುತ್ತಿದ್ದ ಕಾಲದಲ್ಲಿ ಐದು ಜನರ ಈ ಮನೆಗೆ ತಿಂಗಳಿಗೆ ಇನ್ನೂ 850 ಸೇರುತ್ತಿತ್ತು. 2024–25ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ. ಗೃಹಲಕ್ಷ್ಮಿಯ ಎರಡು ಸಾವಿರ ಹೆಚ್ಚುಕಡಿಮೆ ಆರು ದಿನದ ಕೂಲಿ. ಆರು ದಿನದ ಕೂಲಿಯಿಂದ ಯಾರೂ ದುಡಿಮೆ ಬಿಟ್ಟು ಕೂರಲಾರರು. ಆದರೆ ಜ್ವರ ಬಂದ ದಿನ ಕೂಲಿಗೆ ಹೋಗದೆ ಮಲಗಬಹುದು. ಈ ವ್ಯತ್ಯಾಸ ಅಂಕಿಅಂಶದ ಕೋಷ್ಟಕಗಳಲ್ಲಿ ಕಾಣುವುದಿಲ್ಲ. ಮನೆಯವರಿಗೆ ಮಾತ್ರ ಗೊತ್ತು.

ಮನೆಯೊಳಗಿನ ಬದಲಾವಣೆ

ಮೊದಲ ಬದಲಾವಣೆ ಅಡುಗೆಮನೆಯದು. ಅಕ್ಕಿ, ರಾಗಿ ಪಡಿತರದಲ್ಲಿ ಬರುವುದರಿಂದ ಹೊಟ್ಟೆ ತುಂಬುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಕೊರತೆಯಿರುವುದು ಮುದ್ದೆಯ ಜೊತೆಗಿನ ಸಾರಿನಲ್ಲಿ: ಬೇಳೆ, ಎಣ್ಣೆ, ಮೊಟ್ಟೆ, ತರಕಾರಿ, ಹಾಲು. ಹಸು ಕಟ್ಟಿದ ಮನೆಯಲ್ಲೂ ಡೇರಿಗೆ ಹಾಕಿ ಉಳಿದ ಹಾಲಷ್ಟೇ ಮಕ್ಕಳಿಗೆ. ನಗದು ಬಂದಾಗ ಮೊದಲು ದಿನಸಿ ಅಂಗಡಿಯ ಬಾಕಿ ಚುಕ್ತಾ ಆಗುತ್ತದೆ, ಆಮೇಲೆ ಸಂತೆಯ ಚೀಲ ಸ್ವಲ್ಪ ಭಾರವಾಗುತ್ತದೆ. ಅಂಗಡಿಯ ಬಾಕಿ ತೀರಿಸುವುದನ್ನು ಬರಿಯ ಖರ್ಚು ಎಂದು ನೋಡಬಾರದು. ತಿಂಗಳಿಗೊಮ್ಮೆ ಬಾಕಿ ತೀರಿಸುವ ಮನೆಗೆ ಅಂಗಡಿಯವರು ಮತ್ತೆ ಕಡ ಕೊಡುತ್ತಾರೆ. ತೀರಿಸದ ಮನೆಯ ಮಗು ಎಣ್ಣೆ ತರಲು ಹೋಗಿ ಬರಿಗೈಯಲ್ಲಿ ಹಿಂದಿರುಗುತ್ತದೆ. ನಿಗದಿಯಾಗಿ ಬರುವ ಹಣ ಊರಿನಲ್ಲಿ ಆ ಮನೆಯ ಮಾತಿಗೆ ಬೆಲೆ ತರುತ್ತದೆ.

ಎರಡನೆಯದು ಆರೋಗ್ಯ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಾದರೂ ಅಲ್ಲಿಗೆ ಹೋಗಿಬರುವುದು, ಕೂಲಿ ತಪ್ಪುವುದು, ಹೊರಗಿನ ಮಾತ್ರೆ, ದೊಡ್ಡ ಕಾಯಿಲೆಗೆ ಹಾಸನವೋ ಶಿವಮೊಗ್ಗವೋ ಬೆಂಗಳೂರೋ ಎಂಬ ಓಡಾಟ ಎಲ್ಲಕ್ಕೂ ದುಡ್ಡು ಬೇಕು. ಬಿಪಿ, ಸಕ್ಕರೆ ಕಾಯಿಲೆಯ ವೃದ್ಧರು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದು ಬಡತನದ ಹಳೆಯ ರೂಢಿ. ಸ್ವಂತ ಮಾಸಾಶನ ಇರುವ ಅಜ್ಜ ಅಜ್ಜಿಯರು ಮಗನ ಮುಂದೆ ಕೈಚಾಚದೆ ಮಾತ್ರೆ ತರಿಸಿಕೊಳ್ಳುತ್ತಾರೆ. ಮೊಮ್ಮಗಳ ಕೈಗೆ ಹತ್ತು ರೂಪಾಯಿ ಕೊಡುವ ಸಾಮರ್ಥ್ಯವೂ ವೃದ್ಧರ ಬಾಳಿನಲ್ಲಿ ಸಣ್ಣದಲ್ಲ. ಮನೆಯಲ್ಲಿ ಅವರ ಮಾತು ಕೇಳುವವರಿದ್ದಾರೆ ಎಂಬುದಕ್ಕೆ ಅದೂ ಒಂದು ಕಾರಣ.

ಶಾಲೆಯ ವಿಷಯದಲ್ಲಿ ಹಣದ ಕೆಲಸ ಹೈಸ್ಕೂಲು ದಾಟಿದ ಮೇಲೆ ಕಾಣುತ್ತದೆ. ಹತ್ತನೆಯವರೆಗೆ ಬಿಸಿಯೂಟ, ಪುಸ್ತಕ, ಸಮವಸ್ತ್ರ ಸರ್ಕಾರದ್ದು. ಪಿಯುಸಿಗೆ, ಐಟಿಐಗೆ, ಪದವಿಗೆ ಊರಿನಿಂದ ಕಡೂರು, ಬೀರೂರು, ತರೀಕೆರೆಗೆ ದಿನವೂ ಹೋಗಬೇಕು. ಹುಡುಗಿಯರಿಗೆ ಬಸ್ಸು ಉಚಿತವಾದದ್ದು ಇಲ್ಲಿ ಎರಡು ಸಾವಿರದಷ್ಟೇ ದೊಡ್ಡ ನೆರವು. ಬೆಂಗಳೂರು–ಶಿವಮೊಗ್ಗ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾದುಹೋಗುವುದರಿಂದ ಆ ಸಾಲಿನ ಊರುಗಳಿಗೆ ಸರ್ಕಾರಿ ಬಸ್ಸು ಧಾರಾಳ. ಹೆದ್ದಾರಿಯಿಂದ ಒಳಗಿರುವ ಊರಿನ ಹುಡುಗಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು. ಅದು ತಪ್ಪಿದರೆ ಆಟೊ, ಆಟೊಗೆ ಅಮ್ಮನ ಖಾತೆಯ ದುಡ್ಡು. ಒಂದು ಯೋಜನೆಯ ಕೊರತೆಯನ್ನು ಇನ್ನೊಂದರ ಹಣ ಹೀಗೆ ತುಂಬುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಹಣ ಯಾರ ಹೆಸರಿಗೆ ಬರುತ್ತದೆ ಎಂಬ ಸಂಗತಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಮಹಿಳೆಯೇ ಕುಟುಂಬದ ಮುಖ್ಯಸ್ಥೆ. ಹಾಗಾಗಿ ಗೃಹಲಕ್ಷ್ಮಿ ಅತ್ತೆಯ ಖಾತೆಗೆ ಹೋಗುತ್ತದೆ. ಕೂಲಿಗೆ ಹೋಗುವ, ಮಕ್ಕಳನ್ನು ಸಾಕುವ ಸೊಸೆಯ ಖಾತೆಗೆ ಅಲ್ಲ. ಯೋಜನೆ ಶುರುವಾದಾಗ ಅತ್ತೆಗೋ ಸೊಸೆಗೋ ಎಂಬ ಚರ್ಚೆ ರಾಜ್ಯದ ತುಂಬ ನಡೆಯಿತು. ಹೊಂದಾಣಿಕೆ ಇರುವ ಮನೆಯಲ್ಲಿ ಅತ್ತೆ ಸೊಸೆ ಕೂಡಿ ಖರ್ಚು ಮಾಡುತ್ತಾರೆ. ಗದಗ ಜಿಲ್ಲೆಯಲ್ಲಿ ಅತ್ತೆ ಸೊಸೆ ಸೇರಿ ಗೃಹಲಕ್ಷ್ಮಿ ಹಣದಿಂದ ಬೋರು ಕೊರೆಸಿದ್ದು, ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಕೂಡಿಟ್ಟ ಹಣದಲ್ಲಿ ಊರಿಗೆ ಹೋಳಿಗೆ ಊಟ ಹಾಕಿಸಿದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಹೊಂದಾಣಿಕೆ ಇಲ್ಲದ ಕಡೆ ಸೊಸೆ ಬೇರೆ ಚೀಟಿಗೆ ಓಡಾಡುತ್ತಾಳೆ. ಏನೇ ಇರಲಿ, ಹೊಲ ಗಂಡಸಿನ ಹೆಸರಲ್ಲಿ, ಕಿಸಾನ್ ಕಂತು ಗಂಡಸಿನ ಖಾತೆಯಲ್ಲಿ, ಮಂಡಿಯ ಪಟ್ಟಿ ಗಂಡಸಿನ ಕೈಯಲ್ಲಿ ಇರುವ ಸೀಮೆಯಲ್ಲಿ ಬಹುಪಾಲು ಹೆಂಗಸರ ಹೆಸರಿಗೇ ತಿಂಗಳು ತಿಂಗಳು ಬರುವ ಮೊದಲ ಹಣ ಇದು ಎಂಬುದನ್ನು ಮರೆಯಲಾಗದು. ಪಾಸ್‌ಬುಕ್ಕು ಗಂಡನ ಜೇಬಿನಲ್ಲಿದ್ದರೂ ಹೆಬ್ಬೆಟ್ಟು ಅವಳದೇ ಬೇಕು. ಆಕೆ ಬರದೆ ಹಣ ಕೈಗೆ ಸಿಗದು.

ಸಾಲದ ಜೊತೆ ಗುದ್ದಾಟ

ಬಡ ಕುಟುಂಬಕ್ಕೆ ಬಂದ ಹಣದಲ್ಲಿ ಎಷ್ಟು ಪಾಲು ಮನೆಯಲ್ಲಿ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಸಾಲ. ಈ ಮೂರು ತಾಲ್ಲೂಕುಗಳ ಹೆಂಗಸರಿಗೆ ಹಲವು ಬಗೆಯ ಸಾಲಗಳು ಗೊತ್ತು: ಸ್ತ್ರೀಶಕ್ತಿ ಗುಂಪಿನದು, ಧರ್ಮಸ್ಥಳ ಸಂಘದ್ದು, ಖಾಸಗಿ ಮೈಕ್ರೊ ಫೈನಾನ್ಸಿನದು, ಒಡವೆ ಅಡ ಇಟ್ಟದ್ದು, ಕೈಸಾಲ, ಕೊನೆಗೆ ಮೀಟರ್ ಬಡ್ಡಿ. ಕಂತಿಗೆ ವಾರ ಇದೆ, ವೇಳೆ ಇದೆ, ಕೂಲಿಗೆ ಅದಿಲ್ಲ. ಕೂಲಿ ಸಿಗದ ವಾರ ಒಂದು ಸಂಘದ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ಎತ್ತುವುದು ಶುರುವಾದರೆ ಹೊರಬರುವುದು ಕಷ್ಟ. ಎರಡು ಸಾವಿರ ಸರಿಯಾದ ದಿನಕ್ಕೆ ಬಂದರೆ ಈ ಸರಪಳಿಯ ಒಂದು ಕೊಂಡಿ ಕಳಚುತ್ತದೆ. ಒಡವೆ ಬಿಡಿಸಿಕೊಂಡವರು, ಕೈಸಾಲ ತೀರಿಸಿದವರು ಇದ್ದಾರೆ.

ಅದೇ ಹಣವನ್ನು ನೆಚ್ಚಿ ಹೊಸ ಕಂತಿಗೆ ಒಪ್ಪಿಕೊಂಡವರೂ ಇದ್ದಾರೆ, ಮತ್ತು ಇಲ್ಲಿ ತಡವಾದ ಪಾವತಿ ನೇರವಾಗಿ ಕೆಡುಕು ಮಾಡುತ್ತದೆ. ಗೃಹಲಕ್ಷ್ಮಿ ಕಂತು ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬೀಳುವುದು ಪದೇಪದೇ ಆಗಿದೆ; 2025ರ ಫೆಬ್ರುವರಿ, ಮಾರ್ಚ್ ತಿಂಗಳ ಕಂತು ಬಾಕಿ ಉಳಿದದ್ದು ಆ ವರ್ಷದ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಗದ್ದಲಕ್ಕೆ ಕಾರಣವಾಯಿತು. ಮೂರು ತಿಂಗಳ ಆರು ಸಾವಿರ ಒಟ್ಟಿಗೆ ಬಂದರೆ ಸರ್ಕಾರದ ಲೆಕ್ಕ ಸರಿಹೋಗುತ್ತದೆ. ಮನೆಯ ಲೆಕ್ಕ ಸರಿಹೋಗುವುದಿಲ್ಲ. ನಡುವೆ ಬಡ್ಡಿ ಬೆಳೆದಿರುತ್ತದೆ, ಸಂಘದ ಸಭೆಯಲ್ಲಿ ತಲೆ ತಗ್ಗಿಸಿದ್ದಾಗಿರುತ್ತದೆ. 2024ರ ಕೊನೆ, 2025ರ ಆರಂಭದಲ್ಲಿ ಸಾಲ ವಸೂಲಿಯ ಕಿರುಕುಳಕ್ಕೆ ಹೆದರಿ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿ ರಾಜ್ಯದ ಹಲವು ಕಡೆಯಿಂದ ಬಂದ ಮೇಲೆ, ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆಗೆ 2025ರ ಫೆಬ್ರುವರಿಯಲ್ಲಿ ರಾಜ್ಯಪಾಲರ ಅಂಕಿತ ಬಿತ್ತು. ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ಕಾನೂನು ಬೇಕಿತ್ತು. ಅದರಷ್ಟೇ ಬೇಕಾದದ್ದು, ಸರ್ಕಾರ ತಾನು ಹೇಳಿದ ತಾರೀಖಿಗೆ ತನ್ನ ಹಣ ಹಾಕುವುದು.

ಹಣ ಕೈಗೆ ಬರುವ ದಾರಿ

‘ದುಡ್ಡು ಬಿತ್ತಾ?’ ಎಂಬುದು ಈಗ ನಲ್ಲಿ ಬಳಿ, ಬಸ್‌ಸ್ಟಾಪಿನಲ್ಲಿ ಕೇಳುವ ಮಾತು. ಖಾತೆಗೆ ಬಿದ್ದ ಹಣ ಕೈಗೆ ಬರಲು ಇನ್ನೂ ಹೆಜ್ಜೆಗಳಿವೆ. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಇ–ಕೆವೈಸಿ ಆಗಿರಬೇಕು, ಪಡಿತರ ಚೀಟಿಯ ಹೆಸರೂ ಆಧಾರಿನ ಹೆಸರೂ ಒಂದೇ ಇರಬೇಕು. ‘ರತ್ನಮ್ಮ’ ಒಂದು ಕಡೆ ‘ರತ್ನಬಾಯಿ’ ಆಗಿದ್ದರೆ ತಿಂಗಳುಗಟ್ಟಲೆ ಅಲೆದಾಟ. ಹಲವು ಖಾತೆ ಇರುವವರಿಗೆ ಹಣ ಕೊನೆಗೆ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಹಳೆಯ ಪಾಸ್‌ಬುಕ್ಕು ಹಿಡಿದು ಬಂದವರು ದುಡ್ಡೇ ಬಂದಿಲ್ಲ ಎಂದುಕೊಂಡು ಮರಳುತ್ತಾರೆ. ಮಣ್ಣು, ಅಡಿಕೆ ಸಿಪ್ಪೆಯಲ್ಲಿ ಸವೆದ ಬೆರಳಿನ ಗೆರೆಯನ್ನು ಯಂತ್ರ ಓದದೆ ಇರುವುದು ಇನ್ನೊಂದು ಕಷ್ಟ. ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳಲ್ಲಿ ಅರ್ಜಿ, ಅಂಚೆ ಕಚೇರಿಯ ಪಾವತಿ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಹಣ ಪಡೆಯುವ ಅನುಕೂಲ ಬಂದ ಮೇಲೆ ದೂರ ತಗ್ಗಿದೆ. ಹೋಬಳಿ ಮಟ್ಟದ ಪಿಂಚಣಿ ಅದಾಲತ್‌ಗಳಲ್ಲಿ ನಿಂತುಹೋದ ಮಾಸಾಶನ ಮತ್ತೆ ಶುರುವಾದ ಪ್ರಕರಣಗಳೂ ಉಂಟು. ಅಜ್ಜಂಪುರ ತಾಲ್ಲೂಕಾದದ್ದರಿಂದ ಶಿವನಿ ಕಡೆಯ ವೃದ್ಧರು ಮಾಸಾಶನದ ಕೆಲಸಕ್ಕೆ ತರೀಕೆರೆವರೆಗೆ ಹೋಗುವುದು ತಪ್ಪಿತು. ಆಡಳಿತ ಹತ್ತಿರವಾದರೆ ಬಡವರ ಒಂದು ದಿನದ ಕೂಲಿ ಉಳಿಯುತ್ತದೆ.

ಅಕ್ಕಿಯೋ ಹಣವೋ

ಅಕ್ಕಿಯ ಬದಲು 170 ರೂಪಾಯಿ ಬಂದ ಒಂದೂವರೆ ವರ್ಷ ಒಂದು ಸಹಜ ಪ್ರಯೋಗದಂತಿತ್ತು. ರಾಗಿ ಮುದ್ದೆ ಉಣ್ಣುವ ಸೀಮೆಯಲ್ಲಿ ಹೆಚ್ಚುವರಿ ಅಕ್ಕಿಗಿಂತ ಹಣವೇ ಲೇಸು ಎನ್ನುವ ಮನೆಗಳಿದ್ದವು. ಬೇಳೆ, ಎಣ್ಣೆಗೆ ಅದು ಆಗುತ್ತಿತ್ತು. ಕೂಲಿಯನ್ನೇ ನಂಬಿದ ದೊಡ್ಡ ಕುಟುಂಬಗಳಿಗೆ ಅಕ್ಕಿ ಬೇಕಿತ್ತು, ಏಕೆಂದರೆ ಅಂಗಡಿಯಲ್ಲಿ 34 ರೂಪಾಯಿಗೆ ತಿನ್ನುವಂಥ ಅಕ್ಕಿ ಸಿಗುತ್ತಿರಲಿಲ್ಲ. ಅಕ್ಕಿಯ ಬೆಲೆ ಏರಿದರೂ ಚೀಲದಲ್ಲಿ ಬರುವ ಐದು ಕಿಲೋ ಐದು ಕಿಲೋವೇ. ಹಣಕ್ಕೆ ಆ ರಕ್ಷಣೆ ಇಲ್ಲ. ಜಾರ್ಖಂಡಿನ ನಗ್ರಿ ಎಂಬಲ್ಲಿ 2017ರಲ್ಲಿ ಪಡಿತರದ ಸಬ್ಸಿಡಿಯನ್ನು ಖಾತೆಗೆ ಹಾಕಿ, ಜನರು ಬ್ಯಾಂಕಿನಿಂದ ತೆಗೆದು ನ್ಯಾಯಬೆಲೆ ಅಂಗಡಿಗೆ ಕೊಟ್ಟು ಅಕ್ಕಿ ತರಬೇಕೆಂದು ಮಾಡಿದ ಪ್ರಯೋಗವನ್ನು ಜನ ಪ್ರತಿಭಟಿಸಿದರು. ಮರುವರ್ಷ ಅದನ್ನು ಕೈಬಿಡಲಾಯಿತು. ಊಟದ ಧಾನ್ಯ ಧಾನ್ಯವಾಗಿಯೇ ಬರಲಿ, ಅದರ ಮೇಲಿನ ನೆರವು ಹಣವಾಗಿ ಬರಲಿ ಎಂಬುದು ಈ ಅನುಭವಗಳಿಂದ ಹೊರಡುವ ನ್ಯಾಯವಾದ ತೀರ್ಮಾನ.

ಬೇರೆಡೆಯ ಅಧ್ಯಯನಗಳು

ನಗದು ನೆರವಿನ ಯೋಜನೆಗಳಾದ ಮೆಕ್ಸಿಕೊದ ಪ್ರೊಗ್ರೆಸಾ 1997ರಲ್ಲಿ, ಬ್ರೆಜಿಲ್‌ನ ಬೋಲ್ಸಾ ಫಮಿಲಿಯಾ 2003ರಲ್ಲಿ ಶುರುವಾದವು. ಮಕ್ಕಳನ್ನು ಶಾಲೆಗೆ ಕಳಿಸಬೇಕು, ಆರೋಗ್ಯ ತಪಾಸಣೆ ಮಾಡಿಸಬೇಕು ಎಂಬ ಷರತ್ತು ಅವುಗಳಲ್ಲಿತ್ತು. ಕೀನ್ಯಾದಲ್ಲಿ ಷರತ್ತೇ ಇಲ್ಲದೆ ಕೊಟ್ಟ ಹಣದಿಂದ ಜನ ದನಕರು ಕೊಂಡರು, ಹುಲ್ಲಿನ ಸೂರು ತೆಗೆದು ತಗಡು ಹೊದಿಸಿದರು. ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ‘ಸೇವಾ’ ಎಂಬ ಮಹಿಳಾ ಸಂಘಟನೆ 2011ರಿಂದ ನಡೆಸಿದ ಪ್ರಯೋಗದಲ್ಲಿ ವಯಸ್ಕರಿಗೆ ತಲಾ 200, ಆಮೇಲೆ 300 ರೂಪಾಯಿ ಕೊಡಲಾಯಿತು. ಊಟ, ಶಾಲೆ, ಸ್ವಂತ ದುಡಿಮೆ ಸುಧಾರಿಸಿದವು. ಹಣ ಕೊಟ್ಟರೆ ಕುಡಿತಕ್ಕೆ ಹೋಗುತ್ತದೆ ಎಂಬ ಅನುಮಾನವನ್ನು ವಿಶ್ವಬ್ಯಾಂಕಿನ ಇವಾನ್ಸ್ ಮತ್ತು ಪೊಪೊವಾ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪರೀಕ್ಷಿಸಿದರು; ಮದ್ಯ, ತಂಬಾಕಿನ ಖರ್ಚು ಏರಿದ್ದಕ್ಕೆ ಆಧಾರ ಸಿಗಲಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಇಲ್ಲ: ಅಮೆರಿಕದಲ್ಲಿ ಬಡ ತಾಯಂದಿರಿಗೆ ತಿಂಗಳಿಗೆ 333 ಡಾಲರ್ ಕೊಟ್ಟ ಅಧ್ಯಯನದಲ್ಲಿ ಮಕ್ಕಳಿಗೆ ನಾಲ್ಕು ವರ್ಷ ತುಂಬಿದಾಗ ಬುದ್ಧಿಯ ಬೆಳವಣಿಗೆಯಲ್ಲಿ ಎದ್ದುಕಾಣುವ ವ್ಯತ್ಯಾಸ ಇರಲಿಲ್ಲ. ಹಣದಿಂದ ಆಗದ ಕೆಲಸಗಳಿವೆ. ಅಂಗನವಾಡಿ, ಶಾಲೆ, ಆಸ್ಪತ್ರೆಗಳ ಹಣ ಕಡಿದು ಖಾತೆಗೆ ಹಾಕುವುದು ಬಡ ಮನೆಗೆ ಲಾಭವಲ್ಲ.

ಬಿಟ್ಟುಹೋದವರು

ಕಿಸಾನ್ ಕಂತಿಗೂ ಬರ ಪರಿಹಾರಕ್ಕೂ ಪಹಣಿಯೇ ಆಧಾರ. ಗುತ್ತಿಗೆಗೋ ಕೋರಿಗೋ ಹೊಲ ಮಾಡುವವರು ಬೆಳೆ ಕಳೆದುಕೊಂಡರೆ ಪರಿಹಾರ ಹೊಲದ ಒಡೆಯರ ಖಾತೆಗೆ ಹೋಗುತ್ತದೆ. ಬಗರ್ ಹುಕುಂ ಅರ್ಜಿ ಹಾಕಿ ದಶಕಗಳಿಂದ ಉಳುತ್ತಿರುವವರು, ಅಮೃತಮಹಲ್ ಕಾವಲಿನ ಅಂಚಿನಲ್ಲಿ ಬಿತ್ತುವವರು ಲೆಕ್ಕಕ್ಕೇ ಬರುವುದಿಲ್ಲ. ತೀರಿಹೋದ ಅಜ್ಜನ ಹೆಸರಲ್ಲೇ ಪಹಣಿ ಉಳಿದ ಮನೆಗಳು ಎಲ್ಲ ಹೋಬಳಿಗಳಲ್ಲೂ ಇವೆ. ಪೌತಿ ಖಾತೆ ಆಗದೆ ಅಣ್ಣತಮ್ಮಂದಿರಲ್ಲಿ ಯಾರಿಗೂ ಕಂತಿಲ್ಲ. ಕಿಸಾನ್ ಸಮ್ಮಾನ್‌ಗೆ 2019ರ ಫೆಬ್ರುವರಿ 1ಕ್ಕೆ ಭೂಮಿ ಹೆಸರಿನಲ್ಲಿರಬೇಕೆಂಬ ನಿಯಮವೂ ಇರುವುದರಿಂದ, ಆಮೇಲೆ ತುಂಡು ಹೊಲ ಕೊಂಡ ಕೂಲಿಕಾರ ರೈತನಾದರೂ ಫಲಾನುಭವಿ ಆಗಲಾರ.

ಕಾಫಿ ತೋಟಕ್ಕೆ ಹೋಗುವ ತಾಂಡಾದ ಕುಟುಂಬಗಳಿಗೆ ಬೇರೆ ತೊಡಕು. ಮೊಬೈಲ್ ನಂಬರು ಬದಲಾಗಿ ಒಟಿಪಿ ಬರುವುದಿಲ್ಲ. ಇ–ಕೆವೈಸಿಗೆ ಗಡುವು ಬಂದಾಗ ಊರಿನಲ್ಲಿ ಇರುವುದಿಲ್ಲ. ಮರಳಿದಾಗ ಚೀಟಿಯಲ್ಲಿ ಹೆಸರು ತೆಗೆದಿರುತ್ತಾರೆ. ಯಜಮಾನಿ ತೀರಿಕೊಂಡ ಮನೆಯಲ್ಲಿ ಗೃಹಲಕ್ಷ್ಮಿ ಆ ತಿಂಗಳಿಗೇ ನಿಲ್ಲುತ್ತದೆ. ಚೀಟಿಯಲ್ಲಿ ಮುಂದಿನ ಹೆಣ್ಣುಮಗಳನ್ನು ಮುಖ್ಯಸ್ಥೆಯಾಗಿ ಸೇರಿಸಿ, ಹೊಸದಾಗಿ ಅರ್ಜಿ ಹಾಕಿ, ಅದು ಮಂಜೂರಾಗುವವರೆಗೆ ಮನೆಗೆ ಏನೂ ಇಲ್ಲ. ಮಣ್ಣು, ತಿಥಿಗಳ ಸಾಲ ಬಿದ್ದಿರುವ ತಿಂಗಳುಗಳೂ ಅವೇ. ವಯಸ್ಸಿಗೆ ಬಂದ ಹೆಣ್ಣೇ ಇಲ್ಲದ, ಹೆಂಡತಿ ಸತ್ತು ಗಂಡ ಒಬ್ಬನೇ ಮಕ್ಕಳನ್ನು ಸಾಕುವ ಮನೆಗೆ ಈ ಯೋಜನೆಯಲ್ಲಿ ಜಾಗವಿಲ್ಲ. ಇಂಥ ಮನೆಗಳನ್ನು ಊರಿನ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಹೆಸರು ಹಿಡಿದು ಬಲ್ಲರು. 2024ರಿಂದ ತಾಲ್ಲೂಕು ಮಟ್ಟದಲ್ಲಿ ಇರುವ ಗ್ಯಾರಂಟಿ ಅನುಷ್ಠಾನ ಸಮಿತಿಗಳು ಆ ಪಟ್ಟಿಯನ್ನು ಅವರಿಂದ ಕೇಳಿ ಪಡೆದು, ಅರ್ಜಿಗೆ ಕಾಯದೆ ಮನೆಬಾಗಿಲಿಗೆ ಹೋಗಲು ಯಾವ ಹೊಸ ಕಾನೂನೂ ಬೇಕಿಲ್ಲ.